ಕೂರ್ಮಗಡದ ಜಾತ್ರೆಗೆ ಹೋಗುವುದು ಹೇಗೆ, ತಿರುಗಿ ಬರುವುದು ಹೇಗೆ

ಡಿಸೆಂಬರ್ ಮುಗಿಯುತ್ತ ಬಂತೆಂದರೆ ನನ್ನ ಫೋನಿಗೆ ಪುರುಸೊತ್ತಿಲ್ಲ. ಮುಂಡಗೋಡದಿಂದ ತಮ್ಮ, ಹಾನಗಲ್ಲಿನಿಂದ ಚಿಕ್ಕಮ್ಮನ ಮಗಳು, ಯಲ್ಲಾಪುರದಿಂದ ಹಳೇ ಗೆಳತಿ. ಎಲ್ಲರದ್ದೂ ಕಾರವಾರದ ಎದುರು ಸಮುದ್ರದಲ್ಲಿರುವ ಕೂರ್ಮಗಡ ದ್ವೀಪದ ಬಗ್ಗೆ ಒಂದೇ ಮಾತು. "ಅಕ್ಕಾ, ಈ ಸಲ ನರಸಿಂಹ ದೇವರ ಜಾತ್ರೆ ಯಾವತ್ತು? ಬೋಟು ಸಿಗ್ತದಾ?" ಒಬ್ಬೊಬ್ಬರಿಗೂ ಅರ್ಧರ್ಧ ಗಂಟೆ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಈ ಸಲ ಬರೆದೇ ಇಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುವುದು.

ನಾನು ಮುಂಡಗೋಡದವಳು. ಕೆರೆ ನೋಡಿ ಬೆಳೆದವಳು, ಸಮುದ್ರ ಅಲ್ಲ. ಟೀಚರ್ ಕೆಲಸ ಸಿಕ್ಕಿ ಕಾರವಾರಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಮನೆ ಕೋಡಿಬಾಗದಲ್ಲಿ. ಪಕ್ಕದ ಮನೆಯವರು ಮೀನುಗಾರರು. ಆ ಮನೆಯ ಹಿರಿಯರು ಬೋಟಿನ ತಾಂಡೇಲ. ತಾಂಡೇಲ ಅಂದರೆ ಬೋಟು ನಡೆಸುವವರು. ಯಾವಾಗ ಹೊರಡಬೇಕು, ಯಾವಾಗ ತಿರುಗಬೇಕು ಅನ್ನುವುದು ಅವರ ಬಾಯಿಂದ ಬರಬೇಕು. ನಾನು ಅವರನ್ನು ಮಾಮಾ ಅನ್ನುತ್ತೇನೆ, ಅವರ ತಾಯಿಯನ್ನು ಆಯಿ. ಕೆಳಗೆ ಬರೆದದ್ದರಲ್ಲಿ ಮುಕ್ಕಾಲು ಪಾಲು ಅವರಿಬ್ಬರು ಕಲಿಸಿದ್ದು. ಉಳಿದ ಕಾಲು ಭಾಗ ನಾನೇ ಪೆಟ್ಟು ತಿಂದು ಕಲಿತದ್ದು.

ಮೊದಲು ದಿನ ಗೊತ್ತು ಮಾಡಿಕೊಳ್ಳಿ. ಜಾತ್ರೆ ಪುಷ್ಯ ಮಾಸದ ಹುಣ್ಣಿಮೆಗೆ. ಘಟ್ಟದ ಮೇಲೆ ಬನದ ಹುಣ್ಣಿಮೆ ಅನ್ನುತ್ತೇವಲ್ಲ, ಅದೇ. ನಮ್ಮವರಲ್ಲಿ ಅರ್ಧ ಜನ ಬಾದಾಮಿಯ ಬನಶಂಕರಿಗೆ ಹೊರಡುವ ದಿನವೇ ಇಲ್ಲಿ ಸಮುದ್ರದಲ್ಲಿ ಜಾತ್ರೆ. ಇಂಗ್ಲಿಷ್ ತಾರೀಕು ನೆಚ್ಚಿಕೊಂಡರೆ ಕೆಟ್ಟಿರಿ. 2024ರಲ್ಲಿ ಜನವರಿ 25ಕ್ಕೆ ಬಂತು. ತಮ್ಮ ಮರುವರ್ಷವೂ 25 ಅಂತಲೇ ತಿಳಿದು ರಜೆ ಹಾಕಿದ. 2025ರಲ್ಲಿ ಹುಣ್ಣಿಮೆ ಬಂದದ್ದು 13ಕ್ಕೆ. ಪಾಪ, ಹನ್ನೆರಡು ದಿನ ತಡವಾಗಿ ಬಂದು ನಮ್ಮ ಮನೆಯಲ್ಲಿ ಊಟ ಮಾಡಿ ಹೋದ. 2026ರಲ್ಲಿ ಇನ್ನೂ ಹಿಂದೆ ಸರಿದು ಜನವರಿ 3. ಆ ವರ್ಷ ನಡುವೆ ಅಧಿಕ ಮಾಸ ಇರುವುದರಿಂದ 2027ಕ್ಕೆ ಮತ್ತೆ ಮುಂದೆ ಹೋಗಿ ಜನವರಿ 22. ಗೋಡೆಯ ಪಂಚಾಂಗ ನೋಡಿ, ಸಾಕು.

ಜಾಗ ಎಲ್ಲಿ ಅಂದರೆ, ಕಾಳಿ ನದಿ ಸಮುದ್ರ ಸೇರುವ ಕಡೆ ಒಂದು ದಡದಲ್ಲಿ ಕೋಡಿಬಾಗ, ಇನ್ನೊಂದು ದಡದಲ್ಲಿ ಸದಾಶಿವಗಡದ ಗುಡ್ಡ. ಅಲ್ಲಿ ನಿಂತು ಪಡುವಣಕ್ಕೆ ನೋಡಿದರೆ ನೀರಿನ ಮೇಲೆ ಆಮೆ ಬೆನ್ನಿನ ಹಾಗೆ ಒಂದು ಹಸಿರು ಗುಡ್ಡ ಕಾಣುತ್ತದೆ. ಅದೇ ಕೂರ್ಮಗಡ. ಆಮೆಯ ಮೇಲೆ ನರಸಿಂಹ ಕೂತಿದ್ದಾನೆ. ನಮ್ಮ ಶಾಲೆಯ ಮಕ್ಕಳು ಇದನ್ನು "ಟೂ ಇನ್ ವನ್ ಅವತಾರ" ಅನ್ನುತ್ತಾರೆ. ಬೈಯಬೇಕು ಅನಿಸುತ್ತದೆ, ಆದರೆ ನಗು ಬರುತ್ತದೆ.

ಈ ಜಾತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ದೇವರ ಪ್ರಯಾಣ. ದೇವರು ಕಾಳಿ ದಂಡೆಯ ಕಡವಾಡ ಊರಿನಿಂದ ಪಲ್ಲಕ್ಕಿಯಲ್ಲಿ ಹೊರಡುತ್ತಾನೆ. ಆಮೇಲೆ ಬೋಟು ಹತ್ತಿ ದ್ವೀಪಕ್ಕೆ ಬರುತ್ತಾನೆ. ಜಾತ್ರೆ ಮುಗಿದ ಮೇಲೆ ಬೋಟಿನಲ್ಲೇ ವಾಪಸು. ಅವನಿಗೂ ಬೇರೆ ದಾರಿ ಇಲ್ಲ. ಪಲ್ಲಕ್ಕಿ ನೋಡಬೇಕೆಂದರೆ ಬೆಳಕು ಹರಿಯುವ ಮುಂಚೆ ಏಳಬೇಕು. ಕಾರವಾರದಲ್ಲಿ ಉಳಿದುಕೊಂಡು ಎಂಟು ಗಂಟೆಗೆ ಎದ್ದು "ಪಲ್ಲಕ್ಕಿ ಎಲ್ಲಿ?" ಅಂತ ಕೇಳಿದರೆ ನಾನು ಉತ್ತರ ಹೇಳುವುದಿಲ್ಲ.

ಹಾಗಾಗಿ ಹಿಂದಿನ ದಿನ ಸಂಜೆಗೇ ಬಂದುಬಿಡಿ. ಹುಬ್ಬಳ್ಳಿ ಕಡೆಯವರಿಗೆ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ ದಾರಿ. ಘಟ್ಟ ಇಳಿಯುವಾಗ ಮಕ್ಕಳ ಹೊಟ್ಟೆ ತೊಳಸುತ್ತದೆ. ಮರುದಿನ ಬೋಟೂ ಇದೆ. ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಬೇಡಿ. ಬೆಂಗಳೂರಿನವರು ಪಂಚಗಂಗಾ ರೈಲಿಗೆ ಬರುತ್ತಾರೆ. ಅದು ಬೆಳಿಗ್ಗೆ ಬಂದು ಮುಟ್ಟುತ್ತದೆ, ನಿಲ್ದಾಣ ಇರುವುದು ಊರಾಚೆ ಶಿರವಾಡದಲ್ಲಿ. ಜಾತ್ರೆಯ ದಿನವೇ ರೈಲಿಳಿದು ಓಡಿ ಬಂದವರಿಗೆ ಮೊದಲ ಬೋಟುಗಳು ಸಿಗುವುದಿಲ್ಲ. ಮೊದಲ ಬೋಟುಗಳು ಯಾಕೆ ಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಇನ್ನು ಬಾಳೆಗೊನೆ. ಈ ದೇವರಿಗೆ ಹರಕೆ ಅಂದರೆ ಬಾಳೆಗೊನೆ. ಮೀನುಗಾರರು ಬೋಟಿಗೆ ಹೂವು, ಮಾವಿನ ತೋರಣ, ಬಣ್ಣದ ಬಾವುಟ ಕಟ್ಟಿ, ಗೊನೆ ಇಟ್ಟುಕೊಂಡು ಹೋಗುತ್ತಾರೆ. ಬಲೆ ತುಂಬಲಿ, ಹೋದವರು ಮನೆಗೆ ಬರಲಿ ಅಂತ ಬೇಡಿಕೊಳ್ಳುತ್ತಾರೆ. ಮೊದಲ ವರ್ಷ ನಾನು ಪೇಟೆಗೆ ಹೋಗಿ ಚೆಂದ ಕಂಡ ಗೊನೆ ತಂದೆ. ಬಂಗಾರದ ಬಣ್ಣ, ಘಮಘಮ ವಾಸನೆ. ಆಯಿ ನೋಡಿ ಏನೂ ಹೇಳಲಿಲ್ಲ, ಸುಮ್ನೆ ನಕ್ಕರು. ದ್ವೀಪ ಮುಟ್ಟುವ ಹೊತ್ತಿಗೆ ಅರ್ಧ ಹಣ್ಣು ಉದುರಿತ್ತು, ಉಳಿದದ್ದು ನನ್ನ ಸೀರೆಗೆ ಮೆತ್ತಿಕೊಂಡಿತ್ತು. ದೇವರಿಗೆ ಸಿಕ್ಕಿದ್ದು ದಿಂಡು.

ಹಾಗಾಗಿ ಹೇಳುತ್ತೇನೆ ಕೇಳಿ. ಬಲಿತ ಗೊನೆ ತನ್ನಿ, ಹಣ್ಣಾದದ್ದು ಬೇಡ. ಕಾಯಿಯ ಏಣು ಹೋಗಿ ದುಂಡಗಾಗಿರಬೇಕು, ಆದರೆ ಬಣ್ಣ ಹಸಿರಿರಬೇಕು. ತೀರಾ ದೊಡ್ಡದು ಬೇಡ. ಒಬ್ಬರು ಒಂದೇ ಕೈಯಲ್ಲಿ ಎತ್ತುವಷ್ಟಿದ್ದರೆ ಸಾಕು, ಯಾಕೆಂದರೆ ಇನ್ನೊಂದು ಕೈ ಬೋಟು ಹತ್ತುವಾಗ ಹಿಡಿದುಕೊಳ್ಳಲು ಬೇಕು. ದಿಂಡು ಮೇಲೆ ಒಂದು ಗೇಣು ಉದ್ದ ಬಿಟ್ಟು ಕಡಿಸಿ, ಅಲ್ಲಿ ಹಗ್ಗ ಕಟ್ಟಿ. ಹಳೇ ಪಂಚೆಯಲ್ಲಿ ಸುತ್ತಿ ಬೋಟಿನ ಒಳಗೆ ಕೆಳಗಿಡಿ. ತೊಡೆಯ ಮೇಲೆ ಇಟ್ಟುಕೊಂಡು ಕೂರಬೇಡಿ. ಗೊನೆ ತರಲಾಗದವರು ಒಂದು ಚಿಪ್ಪು ತಂದರೂ ಆಯಿತು. ದೇವರು ಲೆಕ್ಕ ಇಡುವುದಿಲ್ಲ, ಆಯಿ ಮಾತ್ರ ಇಡುತ್ತಾರೆ.

ಈಗ ಮುಖ್ಯವಾದ ವಿಷಯ. ಎಷ್ಟು ಗಂಟೆಗೆ ಹೋಗಬೇಕು, ಎಷ್ಟಕ್ಕೆ ಹೊರಡಬೇಕು.

ಘಟ್ಟದ ಮೇಲಿನವರು ಜಾತ್ರೆ ಅಂದರೆ ಸಂಜೆ ಅಂದುಕೊಳ್ಳುತ್ತಾರೆ. ಲೈಟು, ಮಿಠಾಯಿ ಅಂಗಡಿ, ತೊಟ್ಟಿಲು, ರಾತ್ರಿ ನಾಟಕ. ಶಿರಸಿಯ ಮಾರಿಜಾತ್ರೆ ನೋಡಿ ಬೆಳೆದ ನಮಗೆ ಅದೇ ಅಭ್ಯಾಸ. ಇಲ್ಲಿ ಆ ಲೆಕ್ಕ ಬಿಡಿ. ಇದು ಬೆಳಗಿನ ಜಾತ್ರೆ ಅಂತ ತಿಳಿದುಕೊಳ್ಳಿ. ಮಾಮಾ ಒಮ್ಮೆ ಅಂಗಳದಲ್ಲಿ ಕಡ್ಡಿಯಿಂದ ಗೀಚಿ ನನಗೆ ಪಾಠ ಮಾಡಿದ್ದರು. ಟೀಚರ್‌ಗೇ ಪಾಠ.

ಹುಣ್ಣಿಮೆ ದಿನ ಸಮುದ್ರದ ಏರಿಳಿತ ಬೇರೆ ದಿನಕ್ಕಿಂತ ಜಾಸ್ತಿ. ನಮ್ಮ ಈ ದಂಡೆಯಲ್ಲಿ ಹುಣ್ಣಿಮೆಗೆ ಉಬ್ಬರ ತುಂಬುವುದು ಹೆಚ್ಚು ಕಡಿಮೆ ನಡು ಮಧ್ಯಾಹ್ನದ ಹೊತ್ತಿಗೆ. ಅಲ್ಲಿಂದ ಇಳಿಯಲು ಶುರುವಾದರೆ ಸಂಜೆಯವರೆಗೆ ಇಳಿತ. ಇಳಿತದಲ್ಲಿ ಕಾಳಿ ನದಿಯ ನೀರೆಲ್ಲ ಅಳಿವೆಯಿಂದ, ಅಂದರೆ ನದಿ ಸಮುದ್ರ ಸೇರುವ ಬಾಯಿಂದ, ಹೊರಗೆ ನುಗ್ಗುತ್ತದೆ. ಮೂರು ನಾಲ್ಕು ಗಂಟೆಗೆ ಆ ಸೆಳೆತ ಜೋರು. ಅದೇ ಹೊತ್ತಿಗೆ ಇನ್ನೊಂದು ಶುರುವಾಗಿರುತ್ತದೆ, ಗಾಳಿ. ಜನವರಿಯಲ್ಲಿ ಬೆಳಿಗ್ಗೆ ಗಾಳಿ ನೆಲದಿಂದ ಸಮುದ್ರಕ್ಕೆ ಮೆಲ್ಲಗೆ ಬೀಸುತ್ತದೆ, ನೀರು ಕನ್ನಡಿಯ ಹಾಗಿರುತ್ತದೆ. ಬಿಸಿಲೇರಿದ ಮೇಲೆ ತಿರುಗಿ ಸಮುದ್ರದ ಕಡೆಯಿಂದ, ವಾಯವ್ಯದಿಂದ ಬೀಸುತ್ತದೆ. ಹೊರಗಿನಿಂದ ಗಾಳಿ ತಂದ ಅಲೆ ಒಳಗೆ ಬರುತ್ತಿದೆ, ಒಳಗಿನಿಂದ ನದಿಯ ನೀರು ಹೊರಗೆ ಬರುತ್ತಿದೆ. ಎರಡೂ ಅಳಿವೆಯಲ್ಲಿ ಎದುರುಬದುರಾದರೆ ಅಲೆ ಮೋಟಾಗಿ, ಕಡಿದಾಗಿ ಎದ್ದು ನಿಲ್ಲುತ್ತದೆ. ಕೆಳಗೆ ಮರಳಿನ ದಿಣ್ಣೆ ಬೇರೆ. ದೊಡ್ಡ ಅಲೆಯೇ ಬೇಕಿಲ್ಲ, ತುಂಬಿದ ಬೋಟಿಗೆ ಅಷ್ಟು ಸಾಕು.

ಅದಕ್ಕೇ ನನ್ನ ಲೆಕ್ಕ ಇಷ್ಟೇ. ಬೆಳಗಿನ ಮೊದಲ ಬೋಟುಗಳಲ್ಲಿ ಹೋಗಿ. ಹನ್ನೆರಡು ಗಂಟೆಗೆ ದ್ವೀಪದ ಗುಡ್ಡ ಇಳಿಯುವ ದಾರಿಯಲ್ಲಿರಿ. ಒಂದು ಗಂಟೆಯ ಒಳಗೆ ವಾಪಸು ಬೋಟಿನಲ್ಲಿರಿ. ದರ್ಶನ ಆಗದಿದ್ದರೆ? ಆಗದಿದ್ದರೆ ದೂರದಿಂದಲೇ ಕೈ ಮುಗಿದು ಬನ್ನಿ. ಬೈತಖೋಲ್ ಬಂದರಿನಿಂದ ಹೋಗುವ ಬೋಟಿಗೆ ಅಳಿವೆ ದಾಟುವ ಗೋಜಿಲ್ಲ, ಆದರೂ ಮಧ್ಯಾಹ್ನದ ಗಾಳಿ ಅಲ್ಲಿಗೂ ಒಂದೇ. ಧಕ್ಕೆ ಅಂದರೆ ಬೋಟು ಹತ್ತಿ ಇಳಿಯುವ ಕಟ್ಟೆ. ಯಾವ ಧಕ್ಕೆಯಿಂದ ಬೋಟು ಬಿಡುತ್ತಾರೆ ಅನ್ನುವುದನ್ನು ಹಿಂದಿನ ದಿನದ ಪತ್ರಿಕೆಯಲ್ಲಿ ನೋಡಿ, ಇಲ್ಲವೇ ಧಕ್ಕೆಯಲ್ಲೇ ಪೊಲೀಸರನ್ನು ಕೇಳಿ.

ನಾನು ಇದನ್ನು ಕಲಿತದ್ದು 2011ರಲ್ಲಿ. ತಮ್ಮ, ಅವನ ಹೆಂಡತಿ, ಆರು ವರ್ಷದ ಮಗ ಬಂದಿದ್ದರು. ಮಾಮಾ ಅವತ್ತು ಬೋಟಿಗೆ ಹೋಗಿರಲಿಲ್ಲ, ಕಾಲು ನೋವು. ಬೇರೆ ಯಾರದ್ದೋ ಬೋಟು. ಮೇಲೆ ಮರದ ನೆರಳು ಚೆನ್ನಾಗಿದೆ ಅಂತ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಆಮೇಲೆ ಒಂದು ಸಣ್ಣ ನಿದ್ದೆ. ಕೆಳಗಿಳಿದಾಗ ನಾಲ್ಕೂವರೆ. ಧಕ್ಕೆಯಲ್ಲಿ ನೂಕುನುಗ್ಗಲು. ಹೇಗೋ ಹತ್ತಿದೆವು. ಅಳಿವೆ ಹತ್ತಿರ ಬಂದಾಗ ಬೋಟಿನ ಮೂತಿ ಎದ್ದು ದಬ್ಬೆಂದು ಬಿತ್ತು. ಎಲ್ಲರೂ ಕೂಗಿ ಎದ್ದು ನಿಂತರು. ತಾಂಡೇಲ "ಬಸಾ! ಬಸಾ!" ಅಂತ ಕಿರುಚಿದರು. ಕೊಂಕಣಿಯಲ್ಲಿ ಅದು ಕೂತುಕೊಳ್ಳಿ ಅಂತ. ನಮಗೆ ತಿಳಿಯಬೇಕಲ್ಲ. ನನ್ನ ಅಳಿಯ, ಆ ಆರು ವರ್ಷದವನು, ಅಳುತ್ತಲೇ "ಬಸ್ ಎಲ್ಲೈತಿ?" ಅಂತ ಕೇಳಿದ. ಈಗಲೂ ಮನೆಯಲ್ಲಿ ಇದೇ ತಮಾಷೆ. ಅವತ್ತು ಯಾರೂ ನಗಲಿಲ್ಲ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ಸೆರಗು ಹಿಡಿದು ಕೆಳಗೆ ಎಳೆದು ಕೂರಿಸಿದರು. ಒದ್ದೆಯಾಗಿ ಮನೆ ಮುಟ್ಟಿದೆವು. ಮಾಮಾ ಬಾಗಿಲಲ್ಲೇ ನಿಂತಿದ್ದರು. ಬೈಯಲಿಲ್ಲ. ಎರಡು ದಿನ ಮಾತೂ ಆಡಲಿಲ್ಲ.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. 2019ರ ಜನವರಿ 21, ಸೋಮವಾರ. ಅವತ್ತು ನಾವು ಒಂದೂವರೆಗೆ ಮನೆಯಲ್ಲಿದ್ದೆವು. ಮಧ್ಯಾಹ್ನದ ಮೇಲೆ ರಸ್ತೆಯಲ್ಲಿ ಆಂಬುಲೆನ್ಸ್ ಸದ್ದು. ಜಾತ್ರೆಯಿಂದ ವಾಪಸು ಬರುತ್ತಿದ್ದ ಒಂದು ಬೋಟು ಮಗುಚಿತ್ತು. 16 ಜನ ಹೋದರು. ಅವರಲ್ಲಿ ಮಕ್ಕಳೂ ಇದ್ದರು, ಘಟ್ಟದ ಮೇಲಿನಿಂದ ಬಂದ ಒಂದೇ ಕುಟುಂಬದ ಹಲವರೂ ಇದ್ದರು. ನೌಕಾಪಡೆ, ಕೋಸ್ಟ್ ಗಾರ್ಡ್, ಮೀನುಗಾರರು ಎಲ್ಲ ಸೇರಿ ದಿನಗಟ್ಟಲೆ ಹುಡುಕಿದರು. ಆ ಸಂಜೆ ನನಗೆ ಊರಿನಿಂದ ನಲವತ್ತಕ್ಕೂ ಹೆಚ್ಚು ಫೋನ್ ಬಂತು. "ನೀವು ಇದ್ದೀರಾ?" ಅಂತ ಕೇಳಲು. ಆಯಿ ಆ ರಾತ್ರಿ ದೀಪ ಹಚ್ಚಿ ಊಟ ಮಾಡದೆ ಮಲಗಿದರು. ಅಲ್ಲಿಂದ ಈಚೆಗೆ ಲೈಫ್ ಜಾಕೆಟ್, ಬೋಟಿಗೆ ಎಷ್ಟು ಜನ ಅನ್ನುವುದರ ಮೇಲೆ ಧಕ್ಕೆಯಲ್ಲಿ ಕಣ್ಣಿಡುತ್ತಾರೆ. ಪೊಲೀಸರು ತಡೆದರೆ ದಯವಿಟ್ಟು ವಾದ ಮಾಡಬೇಡಿ. "ಇನ್ನೊಬ್ಬರು, ಸಣ್ಣ ಹುಡುಗ" ಅನ್ನುವ ಮಾತು ಬೇಡ. ಮುಂದಿನ ಬೋಟಿಗೆ ಹೋದರಾಯಿತು.

ಬೋಟು ಹತ್ತುವ ಮುಂಚೆ ಅದರ ಮೂತಿಯ ಮೇಲೆ ಬರೆದ ಹೆಸರು, ನಂಬರಿನ ಫೋಟೋ ತೆಗೆದುಕೊಳ್ಳಿ. ತಿರುಗಿ ಬರುವಾಗ ಇಪ್ಪತ್ತು ಬೋಟುಗಳ ನಡುವೆ ನಿಮ್ಮದು ಯಾವುದು ಅಂತ ತಿಳಿಯುವುದಿಲ್ಲ, ಎಲ್ಲಕ್ಕೂ ಅದೇ ಬಾವುಟ, ಅದೇ ಹೂವು. ದುಡ್ಡು ಹೋಗುವುದಕ್ಕೆ ಮಾತ್ರವಾ, ಬರುವುದಕ್ಕೂ ಸೇರಿಯಾ ಅಂತ ಕೇಳಿಕೊಳ್ಳಿ. ಎಷ್ಟು ಹೊತ್ತಿಗೆ ವಾಪಸು ಅನ್ನುವುದನ್ನು ತಾಂಡೇಲರ ಬಾಯಿಂದಲೇ ಕೇಳಿ. ದುಡ್ಡು ಇಸಿದುಕೊಳ್ಳುವ ಹುಡುಗನನ್ನು ಕೇಳಿ ಪ್ರಯೋಜನವಿಲ್ಲ, ಅವನಿಗೆ ಎಲ್ಲದಕ್ಕೂ "ಹೌದು ಅಕ್ಕಾ".

ಲೈಫ್ ಜಾಕೆಟ್ ಕೈಗೆ ಕೊಟ್ಟರೆ ಹಾಕಿಕೊಳ್ಳಿ. ತಮಾಷೆಯಲ್ಲ, ಅದನ್ನು ಮಡಚಿ ಕೂರಲು ಮೆತ್ತೆ ಮಾಡಿಕೊಂಡವರನ್ನು ನಾನೇ ನೋಡಿದ್ದೇನೆ. ಎಲ್ಲ ಪಟ್ಟಿಯೂ ಬಿಗಿಯಾಗಬೇಕು. ಹಾಕಿದ ಮೇಲೆ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಬಂದರೆ ಸಡಿಲ ಅಂತ ಅರ್ಥ. ಮಕ್ಕಳಿಗೆ ದೊಡ್ಡವರದ್ದು ಹಾಕಿದರೆ ನೀರಿನಲ್ಲಿ ಜಾಕೆಟ್ ಮೇಲೆ, ಮಗು ಕೆಳಗೆ. ಮಕ್ಕಳ ಅಳತೆಯದು ಇಲ್ಲ ಅಂದರೆ ಆ ಬೋಟು ಬಿಡಿ. ತೀರಾ ಸಣ್ಣ ಕೂಸುಗಳನ್ನು ಕರೆತರಲೇಬೇಡಿ. ಹರಕೆ ಇದ್ದರೂ ದೊಡ್ಡದಾದ ಮೇಲೆ ತೀರಿಸಬಹುದು.

ಬೋಟಿನಲ್ಲಿ ಕೂತವರು ಕೂತೇ ಇರಬೇಕು. ಇದಕ್ಕೆ ದೊಡ್ಡ ಶತ್ರು ಡಾಲ್ಫಿನ್. ದೇವಬಾಗದಿಂದ ಕೂರ್ಮಗಡದವರೆಗಿನ ನೀರಿನಲ್ಲಿ ಅವು ಆಗಾಗ ಕಾಣುತ್ತವೆ. ಯಾರೋ ಒಬ್ಬರು "ಅಲ್ಲಿ ನೋಡಿ!" ಅಂದರೆ ಇಡೀ ಬೋಟು ಫೋನ್ ಹಿಡಿದು ಒಂದೇ ಬದಿಗೆ ಓಡುತ್ತದೆ. ಬೋಟು ವಾಲುವುದೇ ಹಾಗೆ. ನಿಮ್ಮ ಬದಿಗೆ ಬಂದರೆ ಕೂತಲ್ಲೇ ನೋಡಿ. ಆಚೆ ಬದಿಗೆ ಬಂದರೆ ಅದು ಆಚೆಯವರ ಪುಣ್ಯ.

ಹೊಟ್ಟೆ ಖಾಲಿ ಇಟ್ಟುಕೊಂಡು ಹತ್ತಬೇಡಿ, ಪೂರಿ ಬಾಜಿ ತಿಂದೂ ಹತ್ತಬೇಡಿ. ಒಂದಿಷ್ಟು ಅವಲಕ್ಕಿ, ಒಂದು ಲೋಟ ಚಹಾ ಸಾಕು. ವಾಂತಿ ಬರುವ ಹಾಗಾದರೆ ಫೋನ್ ನೋಡುವುದು ಬಿಟ್ಟು ದೂರದ ಗುಡ್ಡ ನೋಡುತ್ತಾ ಕೂರಿ. ಶುಂಠಿ ತುಂಡು ಬಾಯಲ್ಲಿಟ್ಟುಕೊಳ್ಳುವುದು ನನಗೆ ಆಗಿಬಂದಿದೆ.

ಬಟ್ಟೆಯ ವಿಷಯ. ರೇಷ್ಮೆ ಸೀರೆ ಉಟ್ಟು ಬರುವವರಿಗೆ ನಾನು ಏನೂ ಹೇಳುವುದಿಲ್ಲ, ಉಪ್ಪು ನೀರು ಹೇಳುತ್ತದೆ. ಚೂಡಿದಾರ ಹಗುರ. ಬೋಟಿನಿಂದ ಇಳಿಯುವಾಗ ಕೆಲವು ಸಲ ಸಣ್ಣ ದೋಣಿಗೆ ದಾಟಬೇಕಾಗುತ್ತದೆ, ಮೊಣಕಾಲು ಮಟ್ಟ ನೀರಿಗೂ ಇಳಿಯಬೇಕಾದೀತು. ಕಲ್ಲಿನ ಮೇಲೆ ಪಾಚಿ ಇರುತ್ತದೆ. ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಒಳ್ಳೆಯದು. ಆಯಿ ಮಾತ್ರ ಕಚ್ಚೆ ಸೀರೆಯಲ್ಲೇ ಬರುತ್ತಾರೆ, ಬರಿಗಾಲು. ವಯಸ್ಸು ಎಪ್ಪತ್ತೈದರ ಮೇಲೆ. ನಾನು ಕೈ ಕೊಡಲು ಹೋದರೆ ನನ್ನನ್ನೇ ಎಳೆದು ದಡಕ್ಕೆ ಹಾಕುತ್ತಾರೆ.

ದಡದಿಂದ ದೇವಸ್ಥಾನಕ್ಕೆ ಏರುದಾರಿ. ಜನವರಿ ಅಂದರೂ ಕರಾವಳಿಯ ಬಿಸಿಲು ಬಿಸಿಲೇ. ಒಬ್ಬೊಬ್ಬರಿಗೆ ಒಂದೊಂದು ಬಾಟಲಿ ನೀರು, ತಲೆಗೊಂದು ಟವೆಲ್. ಶೌಚಾಲಯ ನೆಚ್ಚಿಕೊಳ್ಳಬೇಡಿ, ಧಕ್ಕೆಯಲ್ಲೇ ಮುಗಿಸಿಕೊಂಡು ಬನ್ನಿ. ಹೆಂಗಸರಿಗೆ ಇದನ್ನು ಯಾರೂ ಮುಂಚೆ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಪ್ಲಾಸ್ಟಿಕ್ ಬಾಟಲಿ ವಾಪಸು ತನ್ನಿ. ಅಲ್ಲಿ ಎಸೆದದ್ದು ಮಳೆಗಾಲದಲ್ಲಿ ಮಾಮಾನ ಬಲೆಗೇ ಬರುತ್ತದೆ.

ಸಾಲಿನಲ್ಲಿ ಗೋವಾದವರು, ಮಹಾರಾಷ್ಟ್ರದವರು, ನಮ್ಮ ಹಾವೇರಿ ಕಡೆಯವರು ಎಲ್ಲ ಇರುತ್ತಾರೆ. ಕೊಂಕಣಿ, ಮರಾಠಿ, ಕನ್ನಡ ಮೂರೂ ಒಟ್ಟಿಗೆ ಕೇಳುತ್ತದೆ. ಗೊನೆಗೆ ನಿಮ್ಮ ಗುರುತು ಇರಲಿ, ಬಣ್ಣದ ದಾರ ಸಾಕು. ಪ್ರಸಾದ ಸಿಕ್ಕ ಮೇಲೆ ಒಂದು ನಿಮಿಷ ನಿಂತು ಪೂರ್ವಕ್ಕೆ ತಿರುಗಿ ನೋಡಿ. ಕಾರವಾರ ಊರು, ಅದರ ಹಿಂದೆ ಸಹ್ಯಾದ್ರಿ ಸಾಲು, ನಡುವೆ ಕಾಳಿ. ನಾನು ಘಟ್ಟದ ಮೇಲಿನಿಂದ ಬಂದ ದಾರಿ ಇಡೀ ಒಂದೇ ನೋಟಕ್ಕೆ ಸಿಗುವುದು ಇಲ್ಲೇ. ನೋಡಿ ಇಳಿದುಬಿಡಿ. ಬುತ್ತಿ ಬಿಚ್ಚಬೇಡಿ. 2011 ನೆನಪಿರಲಿ.

ಬೋಟು ಹತ್ತಲು ಮನಸ್ಸಿಲ್ಲದವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ನಮ್ಮ ಅವ್ವ ಒಂದು ಸಲವೂ ಹತ್ತಿಲ್ಲ. ಬೆಳಿಗ್ಗೆ ಪಲ್ಲಕ್ಕಿಗೆ ಕೈ ಮುಗಿಯುತ್ತಾಳೆ. ಆಮೇಲೆ ಟಾಗೋರ್ ಕಡಲತೀರದಲ್ಲಿ ಕೊಡೆ ಬಿಡಿಸಿಕೊಂಡು ಕೂತು, ಬಾವುಟ ಕಟ್ಟಿದ ಬೋಟುಗಳನ್ನು ಎಣಿಸುತ್ತಾಳೆ. ಹೋದದ್ದು ಎಷ್ಟು, ಬಂದದ್ದು ಎಷ್ಟು. ಲೆಕ್ಕ ಯಾವಾಗಲೂ ತಪ್ಪುತ್ತದೆ, ಆದರೆ ನಾವು ಬರುವವರೆಗೆ ಏಳುವುದಿಲ್ಲ.

ದಡ ಮುಟ್ಟಿದ ಕೂಡಲೇ ಮೊದಲ ಕೆಲಸ ತಲೆ ಎಣಿಸುವುದು. ಎರಡನೆಯದು ಊರಿಗೆ ಫೋನ್. ಮೂರನೆಯದು ನಮ್ಮ ಮನೆಗೆ ಊಟಕ್ಕೆ ಬರುವುದು. ಅವತ್ತು ಮೀನಿಲ್ಲ, ಮೊದಲೇ ಹೇಳಿರುತ್ತೇನೆ. ಅನ್ನ, ದಾಳಿ ತೋವೆ, ಸೌತೆಕಾಯಿ ಹುಳಿ, ಪ್ರಸಾದದ ಬಾಳೆಹಣ್ಣಿನ ರಸಾಯನ. ಹಣ್ಣು ಇನ್ನೂ ಕಾಯಾಗಿಯೇ ಇದ್ದರೆ ಅಕ್ಕಿ ಡಬ್ಬಿಯಲ್ಲಿಟ್ಟು ನಾಲ್ಕು ದಿನ ಬಿಟ್ಟು ಊರಿಗೆ ಹಂಚಿ. ಮೀನು ಬೇಕಾದವರು ಇನ್ನೊಂದು ದಿನ ಉಳಿಯಿರಿ.

ಬರುವವರು ಹದಿನೈದು ದಿನ ಮುಂಚೆ ಹೇಳಿ. ನಮ್ಮ ಮನೆಯಲ್ಲಿ ಇರುವುದು ನಾಲ್ಕೇ ಗಾದಿ.